ತಾಳ ತಪ್ಪಿಲ್ಲ, ಯಂತ್ರ ತಪ್ಪಿದೆ

ವೀಕ್ಷಕರೇ, ಇವತ್ತು ರಾಜಕೀಯ ಬೇಡ. ಒಂದು ಸದ್ದಿನ ಬಗ್ಗೆ ಮಾತಾಡೋಣ. ಮನೆಯಲ್ಲಿ ಸಿಇಟಿಗೋ ನೀಟ್‌ಗೋ ಓದೋ ಮಕ್ಕಳಿದ್ದರೆ ಅವರ ಇಯರ್‌ಫೋನ್ ಒಮ್ಮೆ ಕಿವಿಗಿಟ್ಟುಕೊಳ್ಳಿ. ಮೆಲ್ಲಗೆ ಒಂದು ಪಿಯಾನೋ, ಮಂದವಾದ ಡ್ರಮ್ಮು, ಹಿಂದೆ ಹಳೇ ಗ್ರಾಮಫೋನ್ ತಟ್ಟೆಯ ಚರಚರ. ಮಾತಿಲ್ಲ, ಕಥೆಯಿಲ್ಲ. ಇದಕ್ಕೆ ಲೋ-ಫೈ ಹಿಪ್ ಹಾಪ್ ಅಂತಾರೆ.

ಲೋ-ಫೈ ಅಂದರೆ ಗುಣಮಟ್ಟ ಕಡಿಮೆಯಿರುವ ಧ್ವನಿ. ಇಂಜಿನಿಯರಿಂಗ್ ಓದಿದ ನನಗೆ ಇದು ತಲೆಕೆಳಗಾದ ಲೆಕ್ಕ. ಸಿಗ್ನಲ್‌ನಿಂದ ನಾಯ್ಸ್ ತೆಗೆಯೋದು ಹೇಗೆ ಅಂತ ನಮಗೆ ಕಲಿಸಿದರು. ಇಲ್ಲಿ ಅದನ್ನು ಹುಡುಕಿ ತಂದು ಸೇರಿಸ್ತಾರೆ! ಯಾಕೆ? ಉತ್ತರ ಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1980ರಲ್ಲಿ ಅಮೆರಿಕದ ರೋಜರ್ ಲಿನ್ ಒಂದು ಡ್ರಮ್ ಯಂತ್ರ ಮಾಡಿದರು. ಹೆಸರು ಎಲ್ಎಂ-1. ನೀವು ಗುಂಡಿ ಒತ್ತುವಾಗ ಕೈ ಕೊಂಚ ಹಿಂದೆ ಮುಂದೆ ಆದರೂ ಯಂತ್ರ ಆ ಪೆಟ್ಟನ್ನು ಎಳೆದು ಸರಿಯಾದ ಜಾಗದಲ್ಲಿ ಕೂರಿಸುತ್ತಿತ್ತು. ಇದಕ್ಕೆ ಕ್ವಾಂಟೈಸ್ ಮಾಡೋದು ಅಂತ ಹೆಸರು. ತಾಳ ಬಾರದವನೂ ತಾಳಗಾರನಾದ. ದೊಡ್ಡ ಅನುಕೂಲ, ಅನುಮಾನವಿಲ್ಲ. ಆದರೆ ಕೈಯ ಗುರುತು ಅಳಿಸಿಹೋಯಿತು.

1987ರಲ್ಲಿ ಎಸ್‌ಪಿ-1200 ಅನ್ನೋ ಸ್ಯಾಂಪ್ಲರ್ ಬಂತು. ಹಳೇ ರೆಕಾರ್ಡಿನ ತುಣುಕು ಕತ್ತರಿಸಿ ಹೊಸ ಹಾಡಿಗೆ ಹೊಲಿಯುವ ಯಂತ್ರ. ಅದರ ನೆನಪಿನ ಶಕ್ತಿ ಎಷ್ಟು ಗೊತ್ತಾ? ಒಟ್ಟು ಸುಮಾರು 10 ಸೆಕೆಂಡ್. ಹುಡುಗರು ಉಪಾಯ ಹುಡುಕಿದರು. 33ರ ವೇಗದ ತಟ್ಟೆಯನ್ನು 45ರಲ್ಲಿ ಓಡಿಸಿ ರೆಕಾರ್ಡ್ ಮಾಡೋದು, ಯಂತ್ರದೊಳಗೆ ಮತ್ತೆ ನಿಧಾನ ಮಾಡೋದು. ಜಾಗ ಉಳಿಯಿತು, ಧ್ವನಿ ಒರಟಾಯಿತು. ಸಿಡಿಯಲ್ಲಿ ಧ್ವನಿಯ ಎತ್ತರ ಅಳೆಯಲು 65,536 ಮೆಟ್ಟಿಲು. ಇದರಲ್ಲಿ 4,096 ಮಾತ್ರ. ಸೆಕೆಂಡಿಗೆ ಸುಮಾರು 26 ಸಾವಿರ ಸಲ ಅಳೆಯುತ್ತಿದ್ದುದರಿಂದ 13 ಸಾವಿರ ಹರ್ಟ್ಸ್ ಮೇಲಿನ ಹೊಳಪು ದಾಖಲಾಗುತ್ತಲೇ ಇರಲಿಲ್ಲ. ಇಂದು ನಾವು ಹಿತ ಅನ್ನೋ ಆ ಮಸುಕು ಸದ್ದಿನ ಬೇರು ಬಡತನದ ಯಂತ್ರದಲ್ಲಿದೆ.

ಈಗ ಡೆಟ್ರಾಯಿಟ್‌ಗೆ ಬನ್ನಿ. ಕಾರಿನ ಊರು. ಹೆನ್ರಿ ಫೋರ್ಡ್ 1913ರಲ್ಲಿ ಚಲಿಸುವ ಅಸೆಂಬ್ಲಿ ಲೈನ್ ಶುರು ಮಾಡಿದ್ದು ಇಲ್ಲೇ, ನಗರಕ್ಕೆ ಹೊಂದಿಕೊಂಡ ಹೈಲ್ಯಾಂಡ್ ಪಾರ್ಕ್‌ನಲ್ಲಿ. ಪ್ರತಿ ಕೈಯೂ ಪ್ರತಿ ಸಲವೂ ಒಂದೇ ಗತಿಯಲ್ಲಿ ಆಡಬೇಕು ಅಂತ ಜಗತ್ತಿಗೆ ಕಲಿಸಿದ ಊರು. ಅಲ್ಲಿ 1974ರ ಫೆಬ್ರವರಿ 7ರಂದು ಜೇಮ್ಸ್ ಡೆವಿಟ್ ಯಾನ್ಸಿ ಹುಟ್ಟಿದ. ಸಂಗೀತ ಬಲ್ಲ ಕಪ್ಪು ಕುಟುಂಬ. ಆಂಪ್ ಫಿಡ್ಲರ್ ಅನ್ನೋ ಸಂಗೀತಗಾರ ಆ ಹುಡುಗನಿಗೆ ಎಂಪಿಸಿ ಯಂತ್ರ ಕಲಿಸಿದರು. ಎಂಪಿಸಿಯೂ ರೋಜರ್ ಲಿನ್ ಅವರದೇ ವಿನ್ಯಾಸ. ಆ ಹುಡುಗನೇ ಮುಂದೆ ಜೆ ಡಿಲ್ಲಾ ಆದ.

ಡಿಲ್ಲಾ ಏನು ಮಾಡಿದ? ಯಂತ್ರ ತಿದ್ದಿದ್ದನ್ನು ಒಪ್ಪಲಿಲ್ಲ. ಒಂದು ಪೆಟ್ಟು ಕೂದಲೆಳೆ ಮುಂಚೆ, ಇನ್ನೊಂದು ಕೂದಲೆಳೆ ತಡ. ಕೇಳಿದವರು ಇದು ಕುಡಿದವನ ನಡಿಗೆ ಅಂದುಕೊಂಡರು. ಆದರೆ 2022ರಲ್ಲಿ ಡಿಲ್ಲಾ ಬಗ್ಗೆ ಪುಸ್ತಕ ಬರೆದ ಡ್ಯಾನ್ ಚಾರ್ನಸ್ ವಾದವೇ ಬೇರೆ. ಇದು ಕೈತಪ್ಪಲ್ಲ, ನೇರ ಲಯವನ್ನೂ ತೂಗಾಡುವ ಲಯವನ್ನೂ ಒಟ್ಟಿಗೆ ಓಡಿಸುವ ಲೆಕ್ಕ. ಕ್ವೆಸ್ಟ್‌ಲವ್‌ನಂಥ ಹೆಸರಾಂತ ಡ್ರಮ್ಮರ್ ಕೂಡ ಇದನ್ನು ಕೇಳಿ, ಕಟ್ಟುನಿಟ್ಟಾಗಿ ತಾಳ ಹಿಡಿಯೋದನ್ನು ಮರೆಯೋಕೆ ಕಲಿತರು. ಯಂತ್ರ ಮನುಷ್ಯನನ್ನು ತಿದ್ದೋ ಕಾಲದಲ್ಲಿ ಮನುಷ್ಯ ಯಂತ್ರಕ್ಕೆ ಉಸಿರಾಡೋದು ಕಲಿಸಿದ. ಪ್ರಯೋಗ ಅಂದರೆ ಇದು.

ಅಷ್ಟರಲ್ಲಿ ರಕ್ತದ ಅಪರೂಪದ ಕಾಯಿಲೆ, ಜೊತೆಗೆ ಲೂಪಸ್. 2005ರ ಕೊನೆಗೆ ಗಾಲಿಕುರ್ಚಿಯಲ್ಲೇ ಕೂತು ಯುರೋಪಿನ ವೇದಿಕೆಗಳಲ್ಲಿ ಹಾಡಿದ. 2006ರ ಫೆಬ್ರವರಿ 7, ಅವನ 32ನೇ ಹುಟ್ಟುಹಬ್ಬದಂದು ‘ಡೋನಟ್ಸ್’ ಬಿಡುಗಡೆಯಾಯಿತು. 31 ತುಣುಕು, ಹಾಡುಗಾರನಿಲ್ಲ. ಮೂರನೇ ದಿನ ಡಿಲ್ಲಾ ತೀರಿಹೋದ.

ಇನ್ನೊಂದು ಎಳೆ ಜಪಾನಿನಲ್ಲಿದೆ. ಜುನ್ ಸೆಬಾ ಟೋಕಿಯೋದಲ್ಲಿ ರೆಕಾರ್ಡ್ ಅಂಗಡಿ ನಡೆಸುತ್ತಿದ್ದವನು. ತನ್ನ ಹೆಸರನ್ನೇ ತಿರುಗಿಸಿ ನುಜಾಬೆಸ್ ಅಂತ ಇಟ್ಟುಕೊಂಡ. ಹುಟ್ಟಿದ್ದು? ಅದೇ 1974, ಅದೇ ಫೆಬ್ರವರಿ 7! ಜಾಝ್ ತುಣುಕುಗಳನ್ನು ಹಿಪ್ ಹಾಪ್ ತಾಳದ ಮೇಲೆ ಮಲಗಿಸಿದವನು ಈತ. 2004ರ ‘ಸಮುರಾಯ್ ಚಂಪ್ಲೂ’ ಅನಿಮೆ ಸರಣಿಗೆ ಸಂಗೀತ ಕೊಟ್ಟವರಲ್ಲಿ ಒಬ್ಬ. ಆ ಸರಣಿ ಮರುವರ್ಷ ಅಮೆರಿಕದ ಟಿವಿಯಲ್ಲಿ ತಡರಾತ್ರಿ ಬಂತು. ಅನಿಮೆ ನೋಡೋಕೆ ಕೂತ ಹುಡುಗರು ಸಂಗೀತ ಹಿಡಿದು ಎದ್ದರು. ನುಜಾಬೆಸ್ 2010ರ ಫೆಬ್ರವರಿಯಲ್ಲಿ ರಸ್ತೆ ಅಪಘಾತದಲ್ಲಿ ಸತ್ತ. ವಯಸ್ಸು 36.

ಆಮೇಲೆ ಯೂಟ್ಯೂಬ್. ಪುಸ್ತಕದ ಮುಂದೆ ಕೂತು ಬರೆಯುತ್ತಲೇ ಇರೋ ಕಾರ್ಟೂನ್ ಹುಡುಗಿ ಗೊತ್ತಲ್ಲ? ಫ್ರಾನ್ಸ್‌ನ ಒಂದು ಚಾನೆಲ್‌ನದು. 2020ರ ಫೆಬ್ರವರಿಯಲ್ಲಿ ಆ ಪ್ರಸಾರ ಯೂಟ್ಯೂಬ್‌ನ ತಪ್ಪಿನಿಂದ ನಿಂತಾಗ ಅದು ಸುಮಾರು 13,000 ಗಂಟೆ ಓಡಿತ್ತು. ತಿಂಗಳೊಪ್ಪತ್ತಿನಲ್ಲಿ ಲಾಕ್‌ಡೌನ್ ಬಂತು. ಒಂಟಿ ಕೋಣೆಯಲ್ಲಿ ಕೂತವರಿಗೆ ಆ ಹುಡುಗಿಯೇ ಜೊತೆಗಾತಿಯಾದಳು.

ಇದು ಮನಸ್ಸಿಗೆ ಯಾಕೆ ಹಿಡಿಸುತ್ತೆ? ನನ್ನ ಲೆಕ್ಕ ಹೀಗಿದೆ. ಮಾತಿಲ್ಲ, ಹಾಗಾಗಿ ಓದೋ ಮನಸ್ಸಿನ ಜೊತೆ ಜಗಳವಿಲ್ಲ. ಚೂಪಾದ ಸದ್ದಿಲ್ಲ, ಹಾಗಾಗಿ ಬೆಚ್ಚಿಬೀಳೋದಿಲ್ಲ. ಸುತ್ತಿ ಸುತ್ತಿ ಅದೇ ಬರುತ್ತೆ, ಆದರೆ ಪೆಟ್ಟು ಬೀಳೋದು ಗಡಿಯಾರದ ಹಾಗಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ಮನುಷ್ಯರಿದ್ದಾರೆ ಅನ್ನೋ ಭಾವ. ಹಬೆಯಾಡುವ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಕೇಳಿದರೆ ನಿದ್ದೆ ಚೆನ್ನಾಗಿ ಬರುತ್ತಲ್ಲ, ಹಾಗೆ.

ಭಯ ಇರೋದೂ ಇಲ್ಲೇ. ಇವತ್ತು ಆ ಚರಚರ ಸದ್ದು ಸಾಫ್ಟ್‌ವೇರ್‌ನಲ್ಲಿ ಒಂದು ಗುಂಡಿ. ತಾಳ ತಪ್ಪಿಸೋಕೂ ಗುಂಡಿ, ಅದಕ್ಕೆ ‘ಹ್ಯೂಮನೈಸ್’ ಅಂತ ಹೆಸರು ಬೇರೆ! ನಾಲ್ಕು ಪದ ಟೈಪ್ ಮಾಡಿದರೆ ಕಂಪ್ಯೂಟರೇ ಇಡೀ ಟ್ಯೂನ್ ಕೊಡುತ್ತೆ. ಪಕ್ಕದ ಕೋಣೆಯಲ್ಲಿ ಸದ್ದು ಇದೆ, ಮನುಷ್ಯ ಇಲ್ಲ. ಫೋರ್ಡ್‌ನ ಲೈನಿಗೇ ಮರಳಿದೆವು, ಅಲ್ವಾ?

ಮಕ್ಕಳ ಇಯರ್‌ಫೋನ್ ಕಿತ್ತುಕೊಳ್ಳಿ ಅಂತ ನಾನು ಹೇಳ್ತಿಲ್ಲ. ಕೇಳಲಿ. ಜೊತೆಗೆ ಒಂದು ದಿನ ‘ಡೋನಟ್ಸ್’ ಹಾಕಿ, ಈ ಎರಡು ಹೆಸರು ಹೇಳಿಕೊಡಿ. ಡಿಲ್ಲಾನ ಎಂಪಿಸಿ 3000 ಈಗ ವಾಷಿಂಗ್ಟನ್‌ನ ಆಫ್ರಿಕನ್ ಅಮೆರಿಕನ್ ಇತಿಹಾಸ ಮತ್ತು ಸಂಸ್ಕೃತಿಯ ರಾಷ್ಟ್ರೀಯ ಮ್ಯೂಸಿಯಂನ ಸಂಗ್ರಹದಲ್ಲಿದೆ. ಅವನ ತಾಯಿ ಕೊಟ್ಟಿದ್ದು. ತಾಳ ತಿದ್ದುವ ಸೌಲಭ್ಯ ಆ ಯಂತ್ರದಲ್ಲೂ ಇತ್ತು. ಅದನ್ನು ಯಾವಾಗ ಬಳಸಬಾರದು ಅನ್ನೋದು ಮಾತ್ರ ಅವನ ಕೈಯಲ್ಲಿತ್ತು.