ಎಲ್ಲರಿಗೂ ತೆರೆಯಬೇಕಾದ ಜಾಲತಾಣ

ಜಾಲತಾಣ ಬಳಸಲು ಸುಲಭವಾಗಿರಬೇಕು. ಕಣ್ಣು ಕಾಣದವರಿಗೂ, ಕೈ ಸ್ವಾಧೀನದಲ್ಲಿಲ್ಲದವರಿಗೂ ಎಟುಕಬೇಕು. ವಿನ್ಯಾಸ ಕಲಿಯುವವರಿಗೆ ಇವು ಎರಡು ಬೇರೆ ಪಾಠಗಳಾಗಿಯೇ ಸಿಗುತ್ತವೆ. ಅದಕ್ಕೆ ಕಾರಣ ಅವುಗಳ ಹುಟ್ಟಿನಲ್ಲಿದೆ.

ಸುಲಭ ಬಳಕೆಯ ಚಿಂತನೆ ಬಂದದ್ದು ಮನೋವಿಜ್ಞಾನ ಮತ್ತು ಪ್ರಯೋಗಾಲಯಗಳಿಂದ. ಮನೋವಿಜ್ಞಾನಿ ಡಾನ್ ನಾರ್ಮನ್ 1988ರ ತಮ್ಮ ಪುಸ್ತಕದಲ್ಲಿ ಬಾಗಿಲು, ಒಲೆಯಂಥ ದಿನಬಳಕೆಯ ವಸ್ತುಗಳನ್ನೇ ಉದಾಹರಿಸಿ, ಜನ ಪದೇಪದೇ ಎಡವುತ್ತಿದ್ದರೆ ದೋಷ ವಿನ್ಯಾಸದ್ದು ಎಂದು ತೋರಿಸಿದರು. 1994ರಲ್ಲಿ ಸುಲಭ ಬಳಕೆಯ ತಜ್ಞ ಯಾಕೋಬ್ ನೀಲ್ಸನ್ ರೂಪಿಸಿದ ಹತ್ತು ಸೂತ್ರಗಳು ಇಂದಿಗೂ ತರಗತಿಯ ಮೊದಲ ಪಾಠ. ಈಗ ಏನು ನಡೆಯುತ್ತಿದೆ ಎಂದು ಪರದೆ ತಿಳಿಸುತ್ತಿರಬೇಕು, ತಪ್ಪಾದರೆ ಹಿಂದಕ್ಕೆ ಬರಲು ದಾರಿಯಿರಬೇಕು, ಎಲ್ಲವನ್ನೂ ನೆನಪಿಟ್ಟುಕೊಳ್ಳುವ ಹೊರೆ ಬಳಸುವವರ ಮೇಲೆ ಬೀಳಬಾರದು ಎನ್ನುವಂಥವು ಅವು.

ಜಾಲತಾಣ ಎಲ್ಲರಿಗೂ ಎಟುಕಬೇಕೆಂಬ ಇನ್ನೊಂದು ಪಾಠ ಬೆಳೆದದ್ದು ಹಕ್ಕಿನ ಹೋರಾಟದಲ್ಲಿ. ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 1999ರ ಮೇನಲ್ಲಿ ಇದಕ್ಕೆ ಮೊದಲ ಮಾರ್ಗಸೂಚಿ ಹೊರಡಿಸಿತು. ಅದಕ್ಕೆ ಬೆಲೆಯಿದೆ ಎಂದು ಜಗತ್ತಿಗೆ ಮನವರಿಕೆ ಮಾಡಿಸಿದವರಲ್ಲಿ ಆಸ್ಟ್ರೇಲಿಯಾದ ಬ್ರೂಸ್ ಮ್ಯಾಗ್ವಾಯರ್ ಒಬ್ಬರು. ಅಂಧರಾದ ಅವರಿಗೆ ಸಿಡ್ನಿ ಒಲಿಂಪಿಕ್ಸ್‌ನ ಜಾಲತಾಣವನ್ನು ಓದಲಾಗುತ್ತಿರಲಿಲ್ಲ. ಚಿತ್ರಗಳಿಗೆ ಪಠ್ಯ ವಿವರಣೆ ಇರಲಿಲ್ಲ, ಫಲಿತಾಂಶದ ಕೋಷ್ಟಕಗಳು ಕೈಗೆಟುಕುತ್ತಿರಲಿಲ್ಲ. ಸರಿಪಡಿಸಲು ಖರ್ಚು ವಿಪರೀತ ಎಂದು ಸಂಘಟಕರು ವಾದಿಸಿದರು. 2000ದ ಆಗಸ್ಟ್‌ನಲ್ಲಿ ಮಾನವ ಹಕ್ಕುಗಳ ಆಯೋಗ ಆ ವಾದವನ್ನು ತಳ್ಳಿಹಾಕಿ, ತಾಣವನ್ನು ಸರಿಪಡಿಸಲು ಆದೇಶಿಸಿತು. ಆ ಆದೇಶ ಪೂರ್ತಿ ಪಾಲನೆಯಾಗದ್ದಕ್ಕೆ ಮುಂದೆ 20,000 ಆಸ್ಟ್ರೇಲಿಯನ್ ಡಾಲರ್ ಪರಿಹಾರವನ್ನೂ ವಿಧಿಸಿತು. ಮಾರ್ಗಸೂಚಿಗಿಂತ ಈ ತೀರ್ಪೇ ಹೆಚ್ಚು ಕಲಿಸಿತೆಂದು ನನ್ನ ನಂಬಿಕೆ.

ಡಬ್ಲ್ಯೂ3ಸಿ ಮಾರ್ಗಸೂಚಿಯ 2008ರ ಎರಡನೆಯ ಆವೃತ್ತಿಯಲ್ಲಿ ಎರಡೂ ಹೊಳೆಗಳು ಕೂಡಿದವು. ವಿಷಯ ಇಂದ್ರಿಯಗಳಿಗೆ ನಿಲುಕಬೇಕು, ನಿರ್ವಹಿಸಲು ಬರಬೇಕು, ಅರ್ಥವಾಗಬೇಕು, ಯಾವ ಸಾಧನದಲ್ಲೂ ಕೆಡದೆ ನಿಲ್ಲಬೇಕು ಎಂಬ ನಾಲ್ಕು ತತ್ವಗಳು ಯಾರಿಗೆ ಬೇಡ? ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಹೊಳಪಿನ ವ್ಯತ್ಯಾಸ ಇರಬೇಕೆಂಬ ನಿಯಮ ಮಂದದೃಷ್ಟಿಯವರಿಗೆ ಬೇಕು; ಬಿಸಿಲಲ್ಲಿ ಮೊಬೈಲ್ ಹಿಡಿದವರಿಗೂ ಬೇಕು. 2023ರ 2.2 ಆವೃತ್ತಿ ಗುಂಡಿಗಳ ಕನಿಷ್ಠ ಗಾತ್ರವನ್ನೂ ಹೇಳಿದೆ.

ಕನ್ನಡದ ಮಟ್ಟಿಗೆ ಪಾಠ ಇನ್ನೂ ಕೆಳಗಿನ ಮೆಟ್ಟಿಲಿನಿಂದ ಶುರುವಾಗುತ್ತದೆ. ಯುನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳ ಪಠ್ಯ ಕಣ್ಣಿಗೆ ಕನ್ನಡ, ಒಳಗೆ ಮಾತ್ರ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಗೋಜಲು. ಪರದೆಯ ಪಠ್ಯವನ್ನು ದನಿಯಲ್ಲಿ ಓದಿ ಹೇಳುವ ಸ್ಕ್ರೀನ್ ರೀಡರ್ ಆ ಗೋಜಲನ್ನೇ ಓದುತ್ತದೆ. ಸ್ಕ್ಯಾನ್ ಮಾಡಿ ಚಿತ್ರವಾಗಿ ಹಾಕಿದ ಸುತ್ತೋಲೆಯಿಂದ ಅದಕ್ಕೆ ಏನೂ ಸಿಗುವುದಿಲ್ಲ. ಯುನಿಕೋಡ್‌ನಲ್ಲಿ ಬರೆದು, ಪುಟದ ಭಾಷೆ ಕನ್ನಡ ಎಂದು ಕೋಡ್‌ನಲ್ಲಿ ನಮೂದಿಸಿದರೆ ಅದೇ ಯಂತ್ರ ಕನ್ನಡ ಓದುತ್ತದೆ.

ಭಾರತದಲ್ಲಿ ಸರ್ಕಾರಿ ಜಾಲತಾಣಗಳಿಗೆ 2009ರಿಂದಲೇ ಮಾರ್ಗಸೂಚಿ ಇದೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಇದೆ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಡಿಜಿಟಲ್ ಸೇವೆಗಳ ಲಭ್ಯತೆ ಜೀವಿಸುವ ಹಕ್ಕಿನ ಭಾಗವೆಂದಿತು. ಗ್ರಾಹಕರ ಗುರುತು ದೃಢೀಕರಿಸುವ ಡಿಜಿಟಲ್ ಕೆವೈಸಿ ಪರೀಕ್ಷೆಯಲ್ಲಿ ಕಣ್ಣು ಮಿಟುಕಿಸಲಾಗದ ಆಸಿಡ್ ದಾಳಿ ಸಂತ್ರಸ್ತರ ಅಳಲು ಆ ತೀರ್ಪಿನ ಹಿಂದಿತ್ತು.

ವಿನ್ಯಾಸ ಕಲಿಯುವ ಗೆಳೆಯರೇ, ನಿಮ್ಮ ಮೊದಲ ಪುಟ ಸಿದ್ಧವಾದಾಗ ಮೌಸ್ ಬದಿಗಿಟ್ಟು ಟ್ಯಾಬ್ ಕೀಲಿಯಿಂದ ಇಡೀ ಪುಟ ಸುತ್ತಿ ನೋಡಿ. ಉಚಿತವಾಗಿ ಸಿಗುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಹಾಕಿಕೊಂಡು, ಪರದೆ ಆರಿಸಿ, ಕೇಳಿ. ಆಮೇಲೆ ಸ್ಕ್ರೀನ್ ರೀಡರನ್ನು ದಿನವೂ ಬಳಸುವ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪುಟವನ್ನು ಅವರಿಂದಲೇ ತಿದ್ದಿಸಿಕೊಳ್ಳಿ.