ಅವ್ವನಿಗೆ ಸಿಗದ ಚಾಳೀಸು



ಹೋದ ತಿಂಗಳು ನನಗೂ ಚಾಳೀಸು ಬಂತು. ಆಫೀಸಲ್ಲಿ ಫೈಲಿನ ಅಕ್ಷರ ಇರುವೆ ಸಾಲಿನಂಗ ಕಾಣಾಕತ್ತಿದ್ವು. ಬಳ್ಳಾರಿಗೆ ಹೋಗಿ ಟೆಸ್ಟ್ ಮಾಡಿಸಿದೆ, ಅರ್ಧ ದಿನದಾಗ ಮುಗೀತು. ನಮ್ಮ ಕಡೆ ಹಿರಿಯರು ಕನ್ನಡಕಕ್ಕೆ ಚಾಳೀಸು ಅಂತಾರ. ಚಾಳೀಸ್ ಅಂದ್ರೆ ನಲವತ್ತು. ನಲವತ್ತು ದಾಟಿದ ಮೇಲೆ ಹತ್ತಿರದ ನೋಟ ಮಸುಕಾಗೋದು ಜಾತಿ ನೋಡಿ ಬರೋದಿಲ್ಲ. ಕನ್ನಡಕ ಮಾತ್ರ ಜಾತಿ ನೋಡಿಯೇ ಬಂದಿದೆ.

ಕನ್ನಡಕ ಹುಟ್ಟಿದ್ದು ಇಟಲಿಯಲ್ಲಿ, 13ನೇ ಶತಮಾನದ ಕೊನೆಗೆ. ಸುಮಾರು 1520ರ ಹೊತ್ತಿಗೆ ಅದು ವಿಜಯನಗರಕ್ಕೇ ಬಂದಿತ್ತು. ವ್ಯಾಸರಾಯರು ಕನ್ನಡಕ ಇಟ್ಟುಕೊಂಡು ಓದುತ್ತಿದ್ದುದನ್ನು ಸೋಮನಾಥ ಕವಿ ‘ವ್ಯಾಸಯೋಗಿಚರಿತ’ದಲ್ಲಿ ಹೇಳಿದ್ದಾನೆ. ಹಂಪಿ 2021ರ ತನಕ ನಮ್ಮದೇ ಜಿಲ್ಲೆ. ಅಲ್ಲಿಂದ ಹಚ್ಚೊಳ್ಳಿಯ ನಮ್ಮ ಕೇರಿಗೆ ಬರಾಕ ಕನ್ನಡಕಕ್ಕೆ ಐನೂರು ವರ್ಷ ಸಾಲಲಿಲ್ಲ. ಯಾಕಂದ್ರೆ ಅದು ಓದೋರ ಸಾಮಾನು. ನಮಗೆ ಓದೇ ನಿಷೇಧ ಇತ್ತು.

ಮುಂದೆ ಬೀಳಗಿಯ ಡಾ. ಎಂ.ಸಿ. ಮೋದಿ ಹಳ್ಳಿ ಹಳ್ಳಿ ತಿರುಗಿ ಉಚಿತ ಕಣ್ಣಿನ ಕ್ಯಾಂಪ್ ಮಾಡಿದರು. ಒಂದೇ ದಿನ 833 ಪೊರೆ ಆಪರೇಷನ್ ಮಾಡಿದ ದಾಖಲೆ ಅವರದು. 1976ರಲ್ಲಿ ಕೇಂದ್ರ ಸರ್ಕಾರ ಅಂಧತ್ವ ನಿಯಂತ್ರಣ ಕಾರ್ಯಕ್ರಮ ತಂತು. ಇದರ ಋಣ ದೊಡ್ಡದು, ಮರೆಯೋದಿಲ್ಲ. ಆದರೆ ಹೆಚ್ಚಿನ ಗಮನ ಪೊರೆಯ ಮೇಲೇ ಉಳೀತು. ಕಣ್ಣು ಹೋದವರಿಗೆ ದಾರಿ ಸಿಕ್ಕಿತು, ಮಸುಕಾದವರನ್ನ ಕೇಳೋರಿರಲಿಲ್ಲ.

ಅಂಥವರಲ್ಲಿ ನಮ್ಮವ್ವ ಒಬ್ಬಳು. ಭತ್ತದ ನಾಟಿ, ಮೆಣಸಿನಕಾಯಿ ಬಿಡಿಸೋದು, ಜೀವನಪೂರ್ತಿ ಕೂಲಿ. ನಲವತ್ತೈದರ ಹೊತ್ತಿಗೆ ಸೂಜಿಗೆ ದಾರ ಪೋಣಿಸಾಕ ನನ್ನನ್ನ ಕರೀತಿದ್ದಳು. ಅಕ್ಕಿಯಾಗಿನ ಹರಳು ಕಾಣ್ತಿರಲಿಲ್ಲ, ಅನ್ನದಾಗ ಹರಳು ಸಿಕ್ಕರೆ ಅಪ್ಪ ಬೈತಿದ್ದ. ಅಕ್ಷರ ಬರದಿದ್ರೂ ಅಂಕಿ ಗುರುತು ಹಿಡೀತಿದ್ದಳು, ಕಣ್ಣು ಮಸುಕಾದ ಮೇಲೆ ಅದೂ ಹೋಯ್ತು. ಕೂಲಿ ಪುಸ್ತಕದಾಗ ಎಷ್ಟು ಬರೆದರೋ ಅಷ್ಟಕ್ಕೆ ಹೆಬ್ಬೆಟ್ಟು ಒತ್ತಿದಳು.

ಕನ್ನಡಕ ಕೊಡಿಸ್ತೀನಿ ಅಂದ್ರೆ, “ಓದಾಕ ಬರಲ್ಲ, ನನಗ್ಯಾಕೋ ಕನ್ನಡಕ? ಅದು ಅಂಬೇಡ್ಕರಪ್ಪಗ ಚಂದ” ಅಂತ ನಗ್ತಿದ್ದಳು. ನಾನೂ ನಕ್ಕು ಸುಮ್ಮನಾದೆ. ಓದಿದ ಮಗನ ತಪ್ಪು ಅದು. ಅವ್ವ ಹಂಗೇ ಹೋದಳು.

2018ರಲ್ಲಿ ಪ್ರಕಟವಾದ ಅಧ್ಯಯನ ಒಂದಿದೆ. ಅಸ್ಸಾಮಿನ ಟೀ ತೋಟದಲ್ಲಿ ನಲವತ್ತು ದಾಟಿದ ಕೂಲಿಕಾರರಿಗೆ ಹತ್ತಿರದ ನೋಟದ ಕನ್ನಡಕ ಕೊಟ್ಟರು. ಸಿಗದವರಿಗಿಂತ ಅವರ ಕೆಲಸದ ಪ್ರಮಾಣ ಸುಮಾರು 22% ಹೆಚ್ಚಾಯ್ತು. ಅಂದ್ರೆ ಕನ್ನಡಕ ಪುಸ್ತಕಕ್ಕಷ್ಟೇ ಅಲ್ಲ, ಕೂಲಿಗೂ ಬೇಕು.

2024ರ ಫೆಬ್ರವರಿಯಲ್ಲಿ ಹಾವೇರಿಯಲ್ಲಿ ಶುರುವಾದ ‘ಆಶಾಕಿರಣ’ ಯೋಜನೆ ಮನೆ ಮನೆಗೆ ಹೋಗಿ ಕಣ್ಣು ನೋಡಿ ಉಚಿತ ಕನ್ನಡಕ ಕೊಡೋದು. ಅಂಥ ತಪಾಸಣೆ ನಮ್ಮ ಸಿರುಗುಪ್ಪ ತಾಲ್ಲೂಕಿನ ಪ್ರತಿ ಕೇರಿಯ ಬಾಗಿಲಿಗೂ ಬರಬೇಕು, ಅದೂ ಕೂಲಿಗೆ ಹೋಗೋರು ಮನೇಲಿರೋ ಹೊತ್ತಿಗೆ. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಬರೆದು ಕೊಡೋಣ. ಅರ್ಜಿ ನಾನು ಬರೀತೀನಿ, ಸಹಿ ನಿಮ್ಮದಿರಲಿ.

ಬಾಬಾಸಾಹೇಬರ ಪ್ರತಿಮೆಗೆ ನಾವು ಕನ್ನಡಕ ತಪ್ಪಿಸಿಲ್ಲ. ಅದರ ಕೆಳಗೆ ಕೂತ ಅವ್ವಂದಿರಿಗೂ ತಪ್ಪಬಾರದು.

ಜೈಭೀಮ್.