ಬೇತಮಂಗಲದ ಸುತ್ತಲ ಗಡಿಯಲ್ಲಿ ಆಕ್ಯುಪೇಷನಲ್ ಥೆರಪಿಸ್ಟರ ನೋಂದಣಿ: ವರ್ಗಾವಣೆಯ ಪ್ರಶ್ನೆ

ಆಕ್ಯುಪೇಷನಲ್ ಥೆರಪಿಸ್ಟರು ರಾಜ್ಯ ಬದಲಿಸಿದಾಗ ನೋಂದಣಿಯನ್ನೂ ವರ್ಗಾಯಿಸಿಕೊಳ್ಳಬೇಕೇ? 2021ರ ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗದ ಕಾಯಿದೆ ಬಂದ ಮೇಲೆ ಈ ಪ್ರಶ್ನೆಯೇ ಉಳಿದಿಲ್ಲ ಎನ್ನುವವರಿದ್ದಾರೆ. ಕಾಯಿದೆ ಕೇಂದ್ರದ್ದು, ಆದ್ದರಿಂದ ರಾಜ್ಯದ ಗಡಿ ಲೆಕ್ಕಕ್ಕಿಲ್ಲ ಎಂಬುದು ಅವರ ತರ್ಕ. ಅದು ಅರ್ಧ ಮಾತ್ರ ಸರಿ ಎಂಬುದು ಈ ಲೇಖನದ ನಿಲುವು.

ಹಿನ್ನೆಲೆಯಲ್ಲಿ ವಿವಾದ ಕಡಿಮೆ. ಕಮಲಾ ನಿಂಬ್ಕರ್ ಅವರ ಪ್ರಯತ್ನದಿಂದ 1950ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಈ ವೃತ್ತಿಯ ಶಿಕ್ಷಣ ಆರಂಭವಾಯಿತು. 1952ರಲ್ಲಿ ಆಕ್ಯುಪೇಷನಲ್ ಥೆರಪಿಸ್ಟರ ಅಖಿಲ ಭಾರತ ಸಂಘ ಹುಟ್ಟಿತು. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆ ಈ ವೃತ್ತಿಯನ್ನು ಒಳಗೊಳ್ಳಲಿಲ್ಲ. ದೆಹಲಿ, ಮಹಾರಾಷ್ಟ್ರಗಳು ಫಿಸಿಯೋಥೆರಪಿಯ ಜೊತೆಗೆ ಸೇರಿಸಿ ಸ್ವಂತ ಪರಿಷತ್ತು ಮಾಡಿಕೊಂಡವು. ಪರಿಷತ್ತೇ ಇಲ್ಲದ ಕಡೆ ವರ್ಗಾಯಿಸಲು ಏನೂ ಇರಲಿಲ್ಲ. ಪದವಿ ಪ್ರಮಾಣಪತ್ರವೂ ಸಂಘದ ಸದಸ್ಯತ್ವವೂ ಸಾಕಾಗುತ್ತಿದ್ದವು. 2021ರ ಕಾಯಿದೆ ಈ ವೃತ್ತಿಗೆ ಪ್ರತ್ಯೇಕ ವರ್ಗವನ್ನೇ ಕೊಟ್ಟಿತು. ರಾಜ್ಯಕ್ಕೊಂದು ಪರಿಷತ್ತು, ರಾಜ್ಯದ ರಿಜಿಸ್ಟರ್, ಅದರ ಮೇಲೆ ಕೇಂದ್ರ ರಿಜಿಸ್ಟರ್ ಎಂಬುದು ಅದರ ರಚನೆ. ರಾಜ್ಯಗಳು ಮೈಮರೆತಿದ್ದಾಗ 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕಾಯಿದೆಯ ಜಾರಿಗೆ ಗಡುವು ಹಾಕಬೇಕಾಯಿತು.

ಕಾಯಿದೆಯ ಪ್ರಕಾರ ರಾಜ್ಯದ ಅಥವಾ ಕೇಂದ್ರದ ರಿಜಿಸ್ಟರಿನಲ್ಲಿ ಹೆಸರಿರುವವರು ಮಾತ್ರ ವೃತ್ತಿ ನಡೆಸಬಹುದು. ಗಡಿ ಅಳಿಯಿತು ಎನ್ನುವವರು ಇಲ್ಲಿಗೇ ನಿಲ್ಲುತ್ತಾರೆ. ಆದರೆ ರಿಜಿಸ್ಟರಿಗೆ ಇನ್ನೊಂದು ಕೆಲಸವಿದೆ: ತಪ್ಪು ನಡೆದರೆ ವಿಚಾರಿಸುವವರು ಯಾರೆಂದು ಗೊತ್ತುಮಾಡುವುದು. 1961ರ ವಕೀಲರ ಕಾಯಿದೆ ಇಲ್ಲಿ ಒಳ್ಳೆಯ ಹೋಲಿಕೆ. ವಕೀಲ ದೇಶದ ಯಾವ ನ್ಯಾಯಾಲಯದಲ್ಲೂ ವಾದಿಸಬಹುದು. ಆದರೂ ಹೆಸರಿರುವುದು ಒಂದು ರಾಜ್ಯದ ಪಟ್ಟಿಯಲ್ಲಿ, ದೂರು ಕೇಳುವುದೂ ಆ ರಾಜ್ಯದ ಬಾರ್ ಕೌನ್ಸಿಲ್. ಅದರ 18ನೇ ಕಲಂ ಶುಲ್ಕವಿಲ್ಲದೆ ವರ್ಗಾವಣೆಗೆ ದಾರಿ ಮಾಡಿಕೊಡುತ್ತದೆ. ಶಿಸ್ತು ವಿಚಾರಣೆ ಬಾಕಿಯಿದ್ದರೆ ಅರ್ಜಿಯನ್ನು ತಳ್ಳಿಹಾಕಲೂಬಹುದು. ಈ ಷರತ್ತೇ ಮುಖ್ಯ. ಇಡೀ ದೇಶದಲ್ಲಿ ವಾದಿಸುವ ಹಕ್ಕಿದ್ದವನಿಗೂ ವರ್ಗಾವಣೆಯ ನಿಯಮ ಬೇಕಾಯಿತೆಂದರೆ, ಅದು ಅನುಮತಿಗಿಂತ ಹೆಚ್ಚಾಗಿ ಉತ್ತರದಾಯಿತ್ವದ ಏರ್ಪಾಡು. ದಂತವೈದ್ಯರ 1948ರ ಕಾಯಿದೆಯಲ್ಲೂ ರಾಜ್ಯದಿಂದ ರಾಜ್ಯಕ್ಕೆ ನೋಂದಣಿ ವರ್ಗಾವಣೆಗೆ ಅವಕಾಶ ಕಲ್ಪಿಸಲಾಗಿತ್ತು.

ಈ ಉತ್ತರದಾಯಿತ್ವದ ಪ್ರಶ್ನೆಯನ್ನು ಕರ್ನಾಟಕದ ಕೋಲಾರ ಜಿಲ್ಲೆಯ ಬೇತಮಂಗಲದಲ್ಲಿಟ್ಟು ನೋಡಬೇಕು. ಹತ್ತಿರದ ಬಂಗಾರಪೇಟೆಯಲ್ಲಿ ರೈಲು ಹತ್ತಿದರೆ ಆಂಧ್ರದ ಕುಪ್ಪಂ ಹಾದು ತಮಿಳುನಾಡಿನ ಜೋಲಾರಪೇಟೆ ಸಿಗುತ್ತದೆ: ಒಂದೇ ಹಳಿ, ಮೂರು ರಾಜ್ಯ. ವೆಲ್ಲೂರಿನ ಸಿಎಂಸಿಯಲ್ಲಿ ಓದಿ, ಬೇತಮಂಗಲದಲ್ಲಿ ಮನೆ ಮಾಡಿ, ವಾರವೆಲ್ಲ ಕುಪ್ಪಂನಲ್ಲಿ ದುಡಿದು, ಭಾನುವಾರ ಕೋಲಾರ ಚಿನ್ನದ ಗಣಿ ಪ್ರದೇಶದ ರಾಬರ್ಟ್‌ಸನ್‌ಪೇಟೆಯಲ್ಲಿ ಲಕ್ವ ಹೊಡೆದ ಹಳೆಯ ಗಣಿ ಕಾರ್ಮಿಕರೊಬ್ಬರಿಗೆ ಅಂಗಿ ಗುಂಡಿ ಹಾಕಿಕೊಳ್ಳುವುದನ್ನು ಮತ್ತೆ ಕಲಿಸುವ ಥೆರಪಿಸ್ಟ್ ಒಬ್ಬರನ್ನು ಊಹಿಸಿಕೊಳ್ಳಿ. ಅವರು ಯಾವ ರಾಜ್ಯವನ್ನೂ ಬಿಟ್ಟು ಹೋಗಿಲ್ಲ. ಒಂದನ್ನು ಬಿಟ್ಟು ಇನ್ನೊಂದನ್ನು ಸೇರುವವರಿಗೆಂದು ರೂಪಿಸಿದ ವರ್ಗಾವಣೆಯ ನಿಯಮ ಇಂಥವರಿಗೆ ಹೊಂದುವುದೇ ಇಲ್ಲ. ನೋಂದಣಿ ಆಂಧ್ರದಲ್ಲಿದ್ದರೆ, 2001ರಲ್ಲಿ ಗಣಿ ಮುಚ್ಚಿದ ಮೇಲೆ ಸ್ವಂತ ಖರ್ಚಿನಲ್ಲೇ ಆರೈಕೆ ಮಾಡಿಸಿಕೊಳ್ಳುತ್ತಿರುವ ಆ ಕಾರ್ಮಿಕರ ಕುಟುಂಬ ದೂರನ್ನು ಪಕ್ಕದ ರಾಜ್ಯಕ್ಕೆ, ತೆಲುಗಿನಲ್ಲೋ ಇಂಗ್ಲಿಷಿನಲ್ಲೋ, ಒಯ್ಯಬೇಕಾದೀತು.

ಆದ್ದರಿಂದ ನನ್ನ ಸೂಚನೆ: ವಿಚಾರಣೆಯ ಅಧಿಕಾರ ಚಿಕಿತ್ಸೆ ನಡೆದ ಸ್ಥಳದ ಪರಿಷತ್ತಿಗೆ ಇರಲಿ, ಹೆಸರು ಯಾವ ರಿಜಿಸ್ಟರಿನಲ್ಲಾದರೂ ಇರಲಿ. ಇದನ್ನು ಹಿಂಜರಿಕೆಯಿಂದಲೇ ಮುಂದಿಡುತ್ತಿದ್ದೇನೆ. ಹೆಸರು ತೆಗೆದುಹಾಕುವ ಅಧಿಕಾರ ನೋಂದಾಯಿಸಿದ ಪರಿಷತ್ತಿನ ಬಳಿಯೇ ಉಳಿಯುವುದು ಸಹಜ. ಆಗ ವಿಚಾರಿಸುವವರೊಬ್ಬರು, ಶಿಕ್ಷಿಸುವವರೊಬ್ಬರು ಎಂದಾಗುವ ಅಪಾಯವುಂಟು. ಒಂದೇ ದೂರಿಗೆ ಎರಡು ವಿಚಾರಣೆ ನಡೆದರೆ ವೃತ್ತಿಯವರಿಗೆ ಅನ್ಯಾಯ. ಗಡಿ ಜಿಲ್ಲೆಗಳಾಚೆ ಈ ಏರ್ಪಾಡಿನ ಅಗತ್ಯ ಅಷ್ಟಾಗಿ ಕಾಣದೆಯೂ ಇರಬಹುದು. ಕೇಂದ್ರ ರಿಜಿಸ್ಟರ್ ಎರಡು ಪರಿಷತ್ತುಗಳ ನಡುವೆ ಕೊಂಡಿಯಾದರೆ ಈ ತೊಡಕುಗಳು ಸಡಿಲವಾದಾವು ಎಂದಷ್ಟೇ ಹೇಳಬಲ್ಲೆ.

ವಿಡಿಯೋ ಕರೆಯ ಮೂಲಕ ನಡೆಯುವ ಚಿಕಿತ್ಸೆಯನ್ನು ಇಲ್ಲಿ ಕೈಗೆತ್ತಿಕೊಂಡಿಲ್ಲ. ವೆಲ್ಲೂರಿನಲ್ಲಿ ಕುಳಿತವರು ಬೇತಮಂಗಲದ ಮಗುವಿಗೆ ಪೆನ್ಸಿಲ್ ಹಿಡಿಯುವುದನ್ನು ಕಲಿಸಿದರೆ ಚಿಕಿತ್ಸೆ ನಡೆದ ಸ್ಥಳ ಯಾವುದೆಂಬುದನ್ನು ಬೇರೆಯಾಗಿಯೇ ಚರ್ಚಿಸಬೇಕು.